ಅಪ್‌ಡೇಟ್: ಗಾಂಧಿ ಬಜಾರಿನ ಸಂಜೆ ಬೆಳಕು, ಕೆಸರಾಗುತ್ತಿದ್ದ ನೆರಳು

ಬೆಂಗಳೂರಿನ ಬಸವನಗುಡಿಯ ಗಾಂಧಿ ಬಜಾರಿನ ಹೂವಿನ ಅಂಗಡಿಗಳನ್ನು ಸ್ಥಳದಲ್ಲೇ ಜಲವರ್ಣದಲ್ಲಿ ಬರೆಯುವಾಗ ನೆರಳಿನ ಬಣ್ಣ ಕಲೆಸಿ ಕೆಸರಾಗುತ್ತದೆ, ಮುಗಿಸುವಷ್ಟರಲ್ಲಿ ಬೆಳಕೇ ಬದಲಾಗಿರುತ್ತದೆ, ಏನು ಮಾಡಲಿ ಎಂದು ಪ್ರಶ್ನೆ ಹಾಕಿದ್ದೆ. ಎರಡೂ ಬಹುಪಾಲು ಬಗೆಹರಿದಿವೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಮಾರ್ಚ್ ಕೊನೆಯಲ್ಲಿ ಬೆಂಗಳೂರಿನಲ್ಲಿ ಸೂರ್ಯ ಮುಳುಗಲು 2 ಗಂಟೆ ಇರುವಾಗ ಕಂಬದ ನೆರಳು ಅದರ ಎತ್ತರದ ಸುಮಾರು 1.8 ಪಟ್ಟು, 1 ಗಂಟೆ ಇರುವಾಗ ಹೆಚ್ಚುಕಡಿಮೆ 4 ಪಟ್ಟು. ಹಾಗಾಗಿ ಮೊದಲ 10 ನಿಮಿಷದಲ್ಲೇ ನೆರಳಿನ ಅಂಚುಗಳನ್ನು ಪೆನ್ಸಿಲಿನಲ್ಲಿ ಗುರುತಿಸಿ, ಆಮೇಲೆ ತಿದ್ದಲೇಬಾರದು. ತಿದ್ದಿದರೆ ಚಿತ್ರದಲ್ಲಿ ಎರಡು ಸೂರ್ಯರಿದ್ದಂತೆ ಕಾಣುತ್ತದೆ.

ಕೆಸರಿಗೆ ಕಾರಣ ಅರ್ಧ ಒಣಗಿದ ಪದರದ ಮೇಲೆ ಮತ್ತೆ ಕುಂಚ ಆಡಿಸುವುದು. ಕೆಳಗಿನ ಬಣ್ಣ ಎದ್ದು ಮೇಲಿನದರಲ್ಲಿ ಕಲೆಸಿಹೋಗುತ್ತದೆ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿ ಕಾಗದವನ್ನು ಬೆರಳಿನ ಹಿಂಬದಿಯಿಂದ ಮುಟ್ಟಿ ನೋಡಿ: ತಣ್ಣಗಿದ್ದರೆ ಇನ್ನೂ ಕಾಯಬೇಕು. ನೆರಳಿಗೆ ಅಲ್ಟ್ರಾಮರೀನ್ (ಗಾಢ ನೀಲಿ) 2 ಪಾಲು, ಬರ್ನ್ಟ್ ಸಿಯೆನ್ನಾ (ಕೆಂಗಂದು) 1 ಪಾಲು ಸಾಕು. ಮೂರನೆಯ ಬಣ್ಣ ಬೇಡವೇ ಬೇಡ.

ನನಗೆ ಅತಿ ಹೆಚ್ಚು ಉಪಯೋಗವಾದದ್ದು ಅಂಗಡಿಗಳ ಮೇಲೆ ಕಟ್ಟಿದ ನೀಲಿ ಟಾರ್ಪಾಲಿನ್ ಬಗ್ಗೆ ಬಂದ ಮಾತು. ಅದರಡಿಯ ನೆರಳು ಬೂದು ಅಲ್ಲ, ಪ್ಲಾಸ್ಟಿಕ್ ಹಾದು ಇಳಿಯುವ ಬೆಳಕೇ ನೀಲಿ. ಅದು ಬಿದ್ದಾಗ ಚೆಂಡುಹೂವಿನ ರಾಶಿ ಮಂಕಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಅಂಚಿನಾಚೆ ಬಿಸಿಲು ತಾಕಿದ ನಾಲ್ಕೈದು ಹೂವಿಗೆ ಮಾತ್ರ ಶುದ್ಧ ಕ್ಯಾಡ್ಮಿಯಂ ಆರೆಂಜ್. ಆ ಜಾಗದಲ್ಲಿ ಮೊದಲಿನಿಂದಲೇ ಬಿಳಿ ಕಾಗದ ಉಳಿಸಿಕೊಂಡಿರಬೇಕು.

ಎಲ್‌ಇಡಿ ಬಲ್ಬು ಹತ್ತಿದ ಮೇಲಿನ ಅಂಗಡಿ ಇನ್ನೂ ಕೈಗೆ ಸಿಕ್ಕಿಲ್ಲ. ಅದನ್ನು ಬೇರೆ ಹಾಳೆಯಲ್ಲೇ ಬರೆಯುತ್ತಿದ್ದೇನೆ.