ಒಂಬತ್ತು ಗುರಿ ಬರೆದು ಎರಡು ಮುಗಿಸಿದ್ದೇನೆ. ಈ ವರ್ಷ ಹೇಗೆ ಬರೆಯಲಿ?

ಪ್ರಶ್ನೆ:
ನಮಸ್ಕಾರ. ಆರು ವರ್ಷದಿಂದ ಮ್ಯಾನುಯಲ್ ಟೆಸ್ಟಿಂಗ್‌ನಲ್ಲಿದ್ದೇನೆ, ಅಂದರೆ ಸಾಫ್ಟ್‌ವೇರನ್ನು ಕೈಯಾರೆ ಪರೀಕ್ಷಿಸುವ ಕೆಲಸ. ಮುಂದಿನ ವಾರ ಅಪ್ರೈಸಲ್ ಫಾರ್ಮ್‌ನಲ್ಲಿ ಹೊಸ ವರ್ಷದ ಗುರಿಗಳನ್ನು ತುಂಬಬೇಕು. ಹಳೆಯ ಫಾರ್ಮ್ ತೆಗೆದು ನೋಡಿದರೆ ಒಂಬತ್ತು ಗುರಿ ಬರೆದಿದ್ದೆ: ಸೆಲೆನಿಯಂ (ಟೆಸ್ಟ್‌ಗಳನ್ನು ಆಟೊಮೇಟ್ ಮಾಡುವ, ಅಂದರೆ ತಾನಾಗಿ ಓಡಿಸುವ ಟೂಲ್), ಎಪಿಐ ಟೆಸ್ಟಿಂಗ್ (ಸಾಫ್ಟ್‌ವೇರ್‌ಗಳು ಪರಸ್ಪರ ಮಾತಾಡುವ ಕೊಂಡಿಯ ಪರೀಕ್ಷೆ), ಐಎಸ್‌ಟಿಕ್ಯೂಬಿ ಪರೀಕ್ಷೆ (ಟೆಸ್ಟರ್‌ಗಳ ಸರ್ಟಿಫಿಕೇಟ್ ಪರೀಕ್ಷೆ), ಪ್ರಮೋಷನ್, ‘ಸಂವಹನ ಸುಧಾರಿಸಿಕೊಳ್ಳುವುದು’, ಹೀಗೆ. ಮುಗಿದದ್ದು ಎರಡೇ. ಸೆಲೆನಿಯಂ ಕೋರ್ಸ್ ತೆರೆದರೆ ಇವತ್ತಿಗೂ 11% ಅಂತಲೇ ತೋರಿಸುತ್ತದೆ, ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಕೆಲಸಕ್ಕೆ ಹಿಂಜರಿದವಳಲ್ಲ ನಾನು. ರಿಲೀಸ್ ಇದ್ದಾಗ ರಾತ್ರಿ ಹತ್ತರವರೆಗೂ ಕೂತಿದ್ದೇನೆ. ಈ ಸಲ ನಿಜಕ್ಕೂ ಮುಗಿಯುವಂಥ ಗುರಿ ಬರೆಯಬೇಕು. ದಾರಿ ಹೇಳಿ.

ಉತ್ತರ 1:
ಗುರಿ ಬರೆಯುವ ‘ಸ್ಮಾರ್ಟ್’ (SMART) ಸೂತ್ರವನ್ನು ಕೇಳಿಯೇ ಇರುತ್ತೀರಿ, ಅದರ ಒಂದೊಂದು ಅಕ್ಷರವೂ ಗುರಿಗೆ ಇರಬೇಕಾದ ಒಂದು ಗುಣ. 1981ರಲ್ಲಿ ಜಾರ್ಜ್ ಡೋರನ್ ಅದನ್ನು ಬರೆದಾಗ ‘ಎ’ ಅಕ್ಷರಕ್ಕಿದ್ದ ಅರ್ಥ ‘ಯಾರು ಮಾಡುತ್ತಾರೆ’ ಎಂಬುದು. ‘ಸಾಧಿಸಬಲ್ಲದ್ದು’ ಅನ್ನುವ ಅರ್ಥ ಆಮೇಲೆ ಸೇರಿಕೊಂಡಿತು. ನನಗೆ ಹಳೆಯ ಅರ್ಥವೇ ಹೆಚ್ಚು ಉಪಯೋಗಕ್ಕೆ ಬಂದಿದೆ. ‘ಪ್ರಮೋಷನ್’ ಕೊಡುವವರು ನೀವಲ್ಲ, ಹಾಗಾಗಿ ಅದು ನಿಮ್ಮ ಗುರಿಯಾಗಲಾರದು. ಮೇಲಿನ ಹಂತದವರಿಂದ ಏನು ನಿರೀಕ್ಷಿಸುತ್ತಾರೆ ಅಂತ ಮ್ಯಾನೇಜರ್ ಹತ್ತಿರ ಕೇಳಿ, ಅದರಲ್ಲಿ ನಿಮ್ಮ ಕೈಯಲ್ಲಿರುವ ಒಂದನ್ನು ಬರೆಯಿರಿ. ಸಂವಹನದ ಗುರಿಯೂ ಹಾಗೆಯೇ. ‘ತಿಂಗಳಿಗೊಂದು ಸ್ಪ್ರಿಂಟ್ ಡೆಮೊ (ಮುಗಿದ ಕೆಲಸವನ್ನು ಎಲ್ಲರಿಗೂ ತೋರಿಸುವುದು) ನಾನೇ ಕೊಡುತ್ತೇನೆ’ ಅಂದರೆ ಆಯಿತೋ ಇಲ್ಲವೋ ಎಂದು ಡಿಸೆಂಬರ್‌ನಲ್ಲಿ ಲೆಕ್ಕ ಸಿಗುತ್ತದೆ.

ಉತ್ತರ 2:
ನಾನು ಟೆಸ್ಟ್ ಲೀಡ್. ತಂಡದವರ ಇಂಥ ಫಾರ್ಮ್‌ಗಳನ್ನು ಪ್ರತಿವರ್ಷ ಓದುತ್ತೇನೆ. ನಿಮ್ಮ ತೊಂದರೆ ಆಸೆಯದ್ದೂ ಅಲ್ಲ, ಶಿಸ್ತಿನದ್ದೂ ಅಲ್ಲ, ಗಂಟೆಗಳದ್ದು. ಗುರಿ ಬರೆಯುವ ಮೊದಲು ಕಳೆದ ವರ್ಷದ ಕ್ಯಾಲೆಂಡರ್ ಹರಡಿಕೊಂಡು ಕೂತುಕೊಳ್ಳಿ. ರಿಲೀಸ್ ವಾರಗಳನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿ. ರಜೆ, ಜ್ವರ, ಮನೆಯ ಸಮಾರಂಭ ಎಲ್ಲವನ್ನೂ ಹೊಡೆಯಿರಿ. ನಾನು ಮೊದಲ ಸಲ ಹೀಗೆ ಮಾಡಿದಾಗ 52 ವಾರಗಳಲ್ಲಿ ಉಳಿದದ್ದು 33. ವಾರಕ್ಕೆ ಮೂರು ಗಂಟೆಯಂತೆ ಹಿಡಿದರೂ ಇಡೀ ವರ್ಷಕ್ಕೆ 99 ಗಂಟೆ! ನಾನೋ ಮುನ್ನೂರು ಗಂಟೆಯ ಕಲಿಕೆಯನ್ನು ಫಾರ್ಮ್‌ನಲ್ಲಿ ಬರೆದಿದ್ದೆ.

ಇನ್ನೊಂದು ಮಾತು. ಒಂದು ಕೆಲಸಕ್ಕೆ ಇಷ್ಟು ಹೊತ್ತು ಸಾಕು ಅಂತ ನಾವು ಅಂದುಕೊಳ್ಳುವುದು ಬಹುಪಾಲು ಸುಳ್ಳಾಗುತ್ತದೆ. 1994ರಲ್ಲಿ ಪ್ರಕಟವಾದ ರೋಜರ್ ಬ್ಯೂಲರ್ ಮತ್ತು ಸಂಗಡಿಗರ ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧಕ್ಕೆ ಸರಾಸರಿ 34 ದಿನ ಸಾಕು ಅಂದಿದ್ದರು, ಹಿಡಿದದ್ದು ಸುಮಾರು 56 ದಿನ. ಅದಕ್ಕೇ ನಾನು ನನ್ನ ಅಂದಾಜಿನ ಮೇಲೆ ಇನ್ನರ್ಧ ಸೇರಿಸಿ ಬರೆಯುತ್ತೇನೆ. 40 ಗಂಟೆ ಅನ್ನಿಸಿದರೆ 60. ಹೀಗೆ ಮಾಡಿದರೆ ಒಂಬತ್ತರಲ್ಲಿ ಎರಡೇ ಗುರಿ ಉಳಿಯಬಹುದು. ಉಳಿಯಲಿ, ಅಷ್ಟೇ ಬರೆಯಿರಿ. ಎರಡನ್ನೇ ಬರೆದು ಎರಡನ್ನೂ ಮುಗಿಸಿದವರ ಫಾರ್ಮ್ ಓದುವಾಗ ನನಗೆ ನಿಜಕ್ಕೂ ಖುಷಿಯಾಗುತ್ತದೆ.

ಉತ್ತರ 3:
ಮೇಲಿನವರ ಗಂಟೆ ಲೆಕ್ಕ ಒಪ್ಪುತ್ತೇನೆ, ಆದರೆ ಆ ಗಂಟೆ ಎಲ್ಲಿ ಕೂರುತ್ತದೆ ಅನ್ನುವುದೂ ಮುಖ್ಯ. ‘ಬಿಡುವಾದಾಗ ಕಲಿಯುತ್ತೇನೆ’ ಅಂದುಕೊಂಡು ನಾನು ಎರಡು ವರ್ಷ ಕಳೆದೆ. ಈಗ ಮಂಗಳವಾರ ಮತ್ತು ಗುರುವಾರ ಸ್ಟ್ಯಾಂಡಪ್ (ತಂಡದ ದಿನದ ಚುಟುಕು ಮೀಟಿಂಗ್) ಮುಗಿದ ಕೂಡಲೇ, ಇಮೇಲ್ ತೆರೆಯುವ ಮೊದಲು, 40 ನಿಮಿಷ. ‘ಇದು ಮುಗಿದರೆ ಅದು ಶುರು’ ಅಂತ ಮೊದಲೇ ಗಂಟು ಹಾಕಿಟ್ಟುಕೊಳ್ಳುವ ಈ ಕ್ರಮದ ಬಗ್ಗೆ ಪೀಟರ್ ಗಾಲ್ವಿಟ್ಜರ್ ಎಂಬ ಮನೋವಿಜ್ಞಾನಿ ಬಹಳ ಕೆಲಸ ಮಾಡಿದ್ದಾರೆ. ಮ್ಯಾನೇಜರ್‌ಗೆ ಹೇಳಿ ಆ 40 ನಿಮಿಷವನ್ನು ಕ್ಯಾಲೆಂಡರ್‌ನಲ್ಲಿ ಬ್ಲಾಕ್ ಮಾಡಿಸಿಕೊಂಡೆ. ಕೇಳಿದರೆ ಇಲ್ಲ ಅನ್ನುವುದಿಲ್ಲ, ಕೇಳಿ.

ಪ್ರಶ್ನೆ ಕೇಳಿದವರು:
ಮೂವರಿಗೂ ಧನ್ಯವಾದ. ನಿನ್ನೆ ರಾತ್ರಿ ಕ್ಯಾಲೆಂಡರ್ ಹೊಡೆದೆ. ಉಳಿದದ್ದು 29 ವಾರ. ವಾರಕ್ಕೆ ಎರಡು ಗಂಟೆಯಂತೆ 58. ಐಎಸ್‌ಟಿಕ್ಯೂಬಿ ಮುಂದಿನ ವರ್ಷಕ್ಕೆ ಹೋಯಿತು. 60 ನಿಮಿಷದಲ್ಲಿ 40 ಪ್ರಶ್ನೆಯ ಪರೀಕ್ಷೆ, ಎಲ್ಲಿಗೂ ಓಡಿಹೋಗುವುದಿಲ್ಲ. ‘ಸೆಲೆನಿಯಂ ಕಲಿಯುವುದು’ ಅನ್ನುವುದನ್ನೂ ಅಳಿಸಿದೆ. ಪ್ರತಿ ರಿಲೀಸ್‌ನಲ್ಲಿ ಕೈಯಾರೆ ಓಡಿಸುವ 12 ಲಾಗಿನ್ ಟೆಸ್ಟ್ ಕೇಸ್‌ಗಳಿವೆ, ಜೂನ್ ಕೊನೆಯೊಳಗೆ ಅವನ್ನು ಆಟೊಮೇಟ್ ಮಾಡುತ್ತೇನೆ ಅಂತ ಬರೆದಿದ್ದೇನೆ. ಜೊತೆಗೆ ತಿಂಗಳಿಗೊಂದು ಡೆಮೊ. ಅಷ್ಟೇ.

ಆ 12 ಕೇಸ್‌ಗಳನ್ನು ಬೇರೆ ಶೀಟ್‌ಗೆ ಹಾಕಿಟ್ಟಿದ್ದೇನೆ. ಮೊದಲನೆಯದು: ತಪ್ಪು ಪಾಸ್‌ವರ್ಡ್ ಕೊಟ್ಟರೆ ಎಚ್ಚರಿಕೆಯ ಸಂದೇಶ ಬರಬೇಕು. ಮಂಗಳವಾರ ಸ್ಟ್ಯಾಂಡಪ್ ಮುಗಿದ ಮೇಲೆ ಅದರಿಂದಲೇ ಶುರು.