ಎಚ್‌ಎಚ್‌ಟಿ ಇರುವ ತಾಯಿಗೆ ಲಿವರ್ ಡಾಪ್ಲರ್: ಮಾಡಿಸಿದವರ ಅನುಭವಗಳು

ಪ್ರಶ್ನೆ: ನಮ್ಮ ತಾಯಿಗೆ 54 ವರ್ಷ. ಚಿಕ್ಕಂದಿನಿಂದಲೂ ಮೂಗಿನಿಂದ ರಕ್ತ ಸುರಿಯುತ್ತದೆ, ತುಟಿ ಮತ್ತು ನಾಲಿಗೆಯ ಮೇಲೆ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆಗಳಿವೆ. ಅವರ ತಂದೆಗೂ ಹೀಗೆಯೇ ಇತ್ತು. ವೈದ್ಯರು ಇದನ್ನು ಎಚ್‌ಎಚ್‌ಟಿ ಎಂಬ, ರಕ್ತನಾಳಗಳ ಆನುವಂಶಿಕ ಕಾಯಿಲೆಯೆಂದು ಗುರುತಿಸಿ, ಲಿವರ್ ಡಾಪ್ಲರ್ (ನಾಳಗಳಲ್ಲಿ ರಕ್ತ ಹರಿಯುವುದನ್ನು ತೋರಿಸುವ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್) ಮಾಡಿಸಲು ಹೇಳಿದ್ದಾರೆ. ಲಿವರ್‌ನ ರಕ್ತಪರೀಕ್ಷೆ ಸರಿಯಾಗಿಯೇ ಇರುವಾಗ ಇದು ಅಗತ್ಯವೇ? ನೇರವಾಗಿ ಸಿ.ಟಿ. ಮಾಡಿಸಬಹುದೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ತುಮಕೂರಿನಿಂದ, ಇದೇ ಕಾಯಿಲೆಯಿರುವ ಮಹಿಳೆ: ನಾನು ಮಾಡಿದ ತಪ್ಪನ್ನು ತಾವು ಮಾಡಬೇಡಿ. ಚೀಟಿಯಲ್ಲಿ ಡಾಪ್ಲರ್ ಎಂದು ಬರೆದಿದ್ದರೂ ಕೌಂಟರಿನಲ್ಲಿ ನಾನು ‘ಹೊಟ್ಟೆ ಸ್ಕ್ಯಾನಿಂಗ್’ ಎಂದುಬಿಟ್ಟೆ. ಅವರು ಅದನ್ನೇ ಮಾಡಿ ‘ಲಿವರ್ ನಾರ್ಮಲ್’ ಎಂದು ಬರೆದುಕೊಟ್ಟರು. ಎರಡು ವರ್ಷ ಅದನ್ನೇ ನಂಬಿಕೊಂಡಿದ್ದೆ. ಮನೆಯ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿದ ಮೇಲೆ ಎಕೋ ಮಾಡಿದ ಹೃದಯದ ವೈದ್ಯರು, ಹೃದಯ ಅಗತ್ಯಕ್ಕಿಂತ ಹೆಚ್ಚು ರಕ್ತವನ್ನು ಪಂಪ್ ಮಾಡುತ್ತಿರುವುದನ್ನು ಕಂಡು ಮತ್ತೆ ಡಾಪ್ಲರಿಗೆ ಕಳುಹಿಸಿದರು. ಆಗ ಲಿವರ್‌ಗೆ ಹೋಗುವ ಅಪಧಮನಿ 11 ಮಿಲಿಮೀಟರ್ ಅಗಲವಾಗಿರುವುದು ತಿಳಿಯಿತು.

ಹುಬ್ಬಳ್ಳಿಯಿಂದ, ಸ್ಕ್ಯಾನಿಂಗ್ ಮಾಡುವ ವೈದ್ಯೆ: ಮೇಲಿನ ಅನುಭವ ಅಪರೂಪದ್ದೇನಲ್ಲ. ಸಾಮಾನ್ಯವಾಗಿ ಅಪಧಮನಿ ಮತ್ತು ಪೋರ್ಟಲ್ ಸಿರೆ (ಕರುಳಿನ ಕಡೆಯಿಂದ ಬರುವ ಸಿರೆ) ತಂದ ರಕ್ತ ಲಿವರ್‌ನ ಸೂಕ್ಷ್ಮನಾಳಗಳಲ್ಲಿ ನಿಧಾನವಾಗಿ ಹರಿದು, ಆಮೇಲೆ ಲಿವರ್‌ನ ಸಿರೆಗಳ ಮೂಲಕ ಹೃದಯಕ್ಕೆ ಮರಳುತ್ತದೆ. ಈ ಕಾಯಿಲೆಯಲ್ಲಿ ನಡುವಿನ ಸೂಕ್ಷ್ಮನಾಳಗಳನ್ನು ಬಿಟ್ಟು ನಾಳಗಳು ನೇರವಾಗಿ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಅಪಧಮನಿಯು ಲಿವರ್‌ನ ಸಿರೆಗೆ ಕೂಡಿದರೆ ಹೊರೆ ಹೃದಯದ ಮೇಲೆ, ಪೋರ್ಟಲ್ ಸಿರೆಗೆ ಕೂಡಿದರೆ ಆ ಸಿರೆಯಲ್ಲಿ ಒತ್ತಡ. ಪೋರ್ಟಲ್ ಸಿರೆಯೇ ಲಿವರ್‌ನ ಸಿರೆಗೆ ಕೂಡಿದರೆ ಶುದ್ಧವಾಗದ ರಕ್ತ ಮುಂದೆ ಹೋಗಿ ಮಿದುಳಿಗೆ ಮಂಕು ಕವಿಯಬಹುದು. ರಕ್ತಪರೀಕ್ಷೆ ಸರಿಯಾಗಿದ್ದ ಮಾತ್ರಕ್ಕೆ ಇವು ಇಲ್ಲವೆನ್ನಲಾಗದು.

ನಾವು ಮೊದಲು ನೋಡುವುದು ಲಿವರ್‌ನ ಹೊರಗೆ ಅಪಧಮನಿಯ ಅಗಲವನ್ನು. ಅದು 4-5 ಮಿಲಿಮೀಟರ್ ಇರಬೇಕಾದದ್ದು 7 ದಾಟಿದರೆ ಸಂಶಯ ಬಲವಾಗುತ್ತದೆ. ಜೊತೆಗೆ ನಾಳ ಸೊಟ್ಟಸೊಟ್ಟಾಗಿ, ತೆರೆಯ ಮೇಲೆ ಕೆಂಪು-ನೀಲಿ ಬಣ್ಣಗಳು ಕಲಸಿಹೋದಂತೆ ಕಂಡು, ಹರಿವಿನ ವೇಗ ಏರಿ ನಿರೋಧ ಸೂಚ್ಯಂಕ (ಹರಿವಿಗೆ ಎದುರಾಗುವ ತಡೆಯ ಅಳತೆ) ಇಳಿದಿದ್ದರೆ ಅನುಮಾನಕ್ಕೆ ಎಡೆಯಿಲ್ಲ. ವಿಕಿರಣವಿಲ್ಲ, ಕಾಂಟ್ರಾಸ್ಟ್ ಚುಚ್ಚುಮದ್ದಿಲ್ಲ, ಹಲವು ಬಾರಿ ಮಾಡಬಹುದು. ಆದ್ದರಿಂದ ಮೊದಲು ಡಾಪ್ಲರ್ ಮಾಡಿಸುವುದೇ ಲೇಸೆಂದು ನನ್ನ ಅಭಿಪ್ರಾಯ. ಆದರೆ ಮಾಡುವವರ ಕೈ ಪಳಗಿರಬೇಕು ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಚಿತ್ರ ಸ್ಪಷ್ಟವಾಗದಿದ್ದರೆ ಅಥವಾ ಚಿಕಿತ್ಸೆ ಯೋಜಿಸಬೇಕಾದರೆ ಸಿ.ಟಿ. ಬೇಕಾಗುತ್ತದೆ. ಆರು ಗಂಟೆ ಏನನ್ನೂ ತಿನ್ನದೆ ಬರಲಿ. ಹೊಟ್ಟೆಯಲ್ಲಿ ಗ್ಯಾಸ್ ತುಂಬಿದ್ದರೆ ನಮಗೆ ಕಾಣಬೇಕಾದ ನಾಳವೇ ಮರೆಯಾಗುತ್ತದೆ. ‘ಉಸಿರು ಹಿಡಿಯಿರಿ’ ಎಂದಾಗ ಹತ್ತು ಸೆಕೆಂಡು ಹಿಡಿಯಲು ಮನೆಯಲ್ಲೇ ಅಭ್ಯಾಸ ಮಾಡಿಸಿದರೆ ಇನ್ನೂ ಒಳ್ಳೆಯದು.

ಶಿವಮೊಗ್ಗದಿಂದ, ತಂದೆಯನ್ನು ನೋಡಿಕೊಳ್ಳುವವರು: ಒಂದು ಮಾತು ಸೇರಿಸುತ್ತೇನೆ. ನಮ್ಮ ತಂದೆಯ ಸ್ಕ್ಯಾನಿಂಗ್‌ನಲ್ಲಿ ಲಿವರ್‌ನೊಳಗೆ ಒಂದು ಗಂಟು ಕಂಡಾಗ ಒಬ್ಬ ವೈದ್ಯರು ಸೂಜಿ ಹಾಕಿ ಬಯಾಪ್ಸಿ ಮಾಡೋಣವೆಂದರು. ಎಚ್‌ಎಚ್‌ಟಿ ಇದೆ ಎಂದು ನಾವು ಹೇಳದೇ ಹೋಗಿದ್ದರೆ ಮಾಡಿಯೇಬಿಡುತ್ತಿದ್ದರು. ಈ ಕಾಯಿಲೆಯಲ್ಲಿ ಅಪಾಯವಿಲ್ಲದ ಗಂಟುಗಳು ಹೆಚ್ಚಾಗಿ ಕಾಣುತ್ತವೆಂದೂ, ಚುಚ್ಚಿದರೆ ರಕ್ತಸ್ರಾವದ ಭಯವಿರುವುದರಿಂದ ಬಯಾಪ್ಸಿಯನ್ನು ತಪ್ಪಿಸಬೇಕೆಂದೂ ಲಿವರ್ ತಜ್ಞರು ವಿವರಿಸಿದರು. ಅಂದಿನಿಂದ ಕಾಯಿಲೆಯ ಹೆಸರನ್ನು ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೇವೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಕೃತಜ್ಞತೆಗಳು. ಗುರುವಾರ ಬೆಳಗ್ಗೆ ಸಮಯ ಸಿಕ್ಕಿದೆ. ಅಪಧಮನಿಯ ಅಗಲ ಮತ್ತು ಹರಿವಿನ ವೇಗವನ್ನು ವರದಿಯಲ್ಲಿ ಅಂಕಿಗಳಲ್ಲೇ ಬರೆಯುವಂತೆ ಕೇಳಿಕೊಳ್ಳುತ್ತೇನೆ. ಅಮ್ಮ ಈಗಾಗಲೇ ಅಡುಗೆಮನೆಯಲ್ಲಿ ಗಡಿಯಾರ ನೋಡುತ್ತಾ ಉಸಿರು ಹಿಡಿಯಲು ತೊಡಗಿದ್ದಾರೆ; ಸದ್ಯಕ್ಕೆ ಏಳು ಸೆಕೆಂಡಿಗೆ ಬಂದಿದ್ದಾರೆ.