ಅಪ್‌ಡೇಟ್: ಕಡಿಮೆ ಖರ್ಚಿನ ಮಾರ್ಕರ್ ಟೆಸ್ಟ್, ಕೊನೆಗೆ ಏನು ಮಾಡಿದೆವು

ನಮ್ಮದು ಸಾರ್ವಜನಿಕ ಭತ್ತದ ತಳಿ ಯೋಜನೆ, ಸ್ವಂತ ಡಿಎನ್‌ಎ ಲ್ಯಾಬ್ ಇಲ್ಲ, ಮಾರ್ಕರ್ ಟೆಸ್ಟ್ (ಬೇಕಾದ ಜೀನ್ ಸಸಿಯಲ್ಲಿ ಇದೆಯಾ ಅಂತ ಡಿಎನ್‌ಎ ಗುರುತಿನಿಂದ ನೋಡೋದು) ಅಗ್ಗದಲ್ಲಿ ಹೇಗೆ ಮಾಡಿಸೋದು ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಮಷೀನ್ ಕೊಳ್ಳುವ ಆಸೆ ಬಿಟ್ಟು ಸ್ಯಾಂಪಲ್ಲುಗಳನ್ನು ಹೊರಗಿನ ಲ್ಯಾಬಿಗೆ ಕಳಿಸಿದೆವು. ಎಳೆ ಎಲೆಯಿಂದ ಪುಟ್ಟ ಬಿಲ್ಲೆ ಪಂಚ್ ಮಾಡಿ, 96 ಗುಳಿಗಳ ಪ್ಲೇಟಿಗೆ ಹಾಕಿ, ಒಣಗಿಸಿ ಪಾರ್ಸೆಲ್ ಮಾಡೋದು, ಅಷ್ಟೇ. ಒಂದೆರಡು ಗುಳಿ ಖಾಲಿ ಇರಲಿ. ಅಲ್ಲೂ ಸಿಗ್ನಲ್ ಬಂದರೆ ಏನೋ ಬೆರಕೆಯಾಗಿದೆ ಅಂತ ಗೊತ್ತಾಗುತ್ತದೆ. ನಿಜವಾದ ತಲೆನೋವು ಲೇಬಲ್ಲಿನದು. ಸಸಿಯ ಟ್ಯಾಗ್ ನಂಬರನ್ನು ಒಬ್ಬರು ಕೂಗಿ ಹೇಳಬೇಕು, ಇನ್ನೊಬ್ಬರು ಗುಳಿಯ ನಂಬರಿನ ಎದುರು ಬರೆಯಬೇಕು.

ಜಾಸ್ತಿ ಲಾಭವಾಗಿದ್ದು ದುಂಡಾಣು ಅಂಗಮಾರಿ ತಡೆಯುವ ಎಕ್ಸ್‌ಎ13 ಜೀನ್‌ನಲ್ಲಿ. ಇದರ ಎರಡೂ ಪ್ರತಿ ಇದ್ದರೆ ಮಾತ್ರ ಗಿಡ ರೋಗ ತಡೆಯುತ್ತದೆ. ಬ್ಯಾಕ್‌ಕ್ರಾಸ್ ಸಸಿಯಲ್ಲಿ, ಅಂದರೆ ಮಿಶ್ರತಳಿಯನ್ನು ಈ ಜೀನ್ ಇಲ್ಲದ ಮೂಲ ತಳಿಯ ಜೊತೆ ಮತ್ತೆ ಕ್ರಾಸ್ ಮಾಡಿ ಪಡೆದ ಸಸಿಯಲ್ಲಿ, ಇರೋದು ಹೆಚ್ಚೆಂದರೆ ಒಂದೇ ಪ್ರತಿ. ಹಾಗಾಗಿ ರೋಗ ಅಂಟಿಸಿ ನೋಡಿದರೂ ಏನೂ ತಿಳಿಯಲ್ಲ. ಮಾರ್ಕರ್ ಇಲ್ಲದಿದ್ದರೆ ಇನ್ನೊಂದು ತಲೆಮಾರು ಬೆಳೆಸಿ ಕಾಯಬೇಕು. ಕ್ಯಾಸ್ಪ್ ಅನ್ನೋ ಬಗೆಯ ಡಿಎನ್‌ಎ ಮಾರ್ಕರ್ ಆ ಒಂದು ಪ್ರತಿಯನ್ನೂ ತೋರಿಸುತ್ತದೆ. ಜೀನ್ ಇಲ್ಲದವು ಸರಾಸರಿ ಅರ್ಧದಷ್ಟಿರುತ್ತವೆ, ಅವನ್ನು ನಾಟಿಗೆ ಮುಂಚೆಯೇ ಕಿತ್ತು ಬಿಸಾಡಬಹುದು. ಗದ್ದೆ, ಕೂಲಿ ಎರಡೂ ಉಳಿಯಿತಲ್ವಾ!

ಇದೇ ದಾರಿ ಹಿಡಿಯುವವರು ಮೊದಲು ತಂದೆ-ತಾಯಿ ತಳಿಗಳನ್ನು ಟೆಸ್ಟ್ ಮಾಡಿಸಿ. ಎರಡರಲ್ಲೂ ಒಂದೇ ಫಲಿತಾಂಶ ಕೊಡುವ ಮಾರ್ಕರಿಗೆ ಸುಮ್ನೆ ದುಡ್ಡು ದಂಡ. ಇಳುವರಿಗೂ ನಾಲ್ಕಾರು ಮಾರ್ಕರ್ ಸಾಕಾ ಅಂತ ಒಬ್ಬರು ಕೇಳಿದ್ದರು. ಸಾಲದು, ಅದರ ಹಿಂದೆ ತುಂಬಾ ಜೀನ್‌ಗಳಿವೆ. ಅದಕ್ಕೆ ನಾವು ಈಗಲೂ ಗದ್ದೆಯಲ್ಲೇ ಅಳೆಯುತ್ತಿದ್ದೇವೆ.